ಸ್ವಿಟ್ಜರ್ಲೆಂಡಿಗೆ ಮೊದಲ ಸಲ ಹೊರಟವರಿಗೆ

ಸ್ವಿಟ್ಜರ್ಲೆಂಡಿಗೆ ಹೊರಟಿದ್ದರೆ, ಬೆಟ್ಟ ಹತ್ತುವ ದಿನವನ್ನು ಮಾತ್ರ ಊರಲ್ಲಿ ಕುಳಿತು ಗೊತ್ತುಮಾಡಬೇಡಿ. ವಿಮಾನ, ವೀಸಾ, ವಸತಿ ಎಲ್ಲವೂ ತಿಂಗಳುಗಳ ಮೊದಲೇ ಆಗಬೇಕು. ಬೆಟ್ಟದ ದಿನವನ್ನು ಅಲ್ಲಿನ ಬೆಳಗಿನ ಆಕಾಶವನ್ನು ನೋಡಿಯೇ ತೀರ್ಮಾನಿಸಬೇಕು.

ಅಪ್ಪ ಅಮ್ಮನನ್ನು ಕರೆದುಕೊಂಡು ಮೊದಲ ಸಲ ಹೋದಾಗ ನನಗೆ ಇದು ತಿಳಿದಿರಲಿಲ್ಲ. ರೈಲಿನಲ್ಲಿ ಹೋಗಬಹುದಾದ ಹಿಮದ ಬೆಟ್ಟದ ತಾಣ ಯುಂಗ್‌ಫ್ರೌಯೋಖ್‌ನ ಟಿಕೆಟನ್ನು ಎರಡು ತಿಂಗಳ ಮೊದಲೇ ಕೊಂಡಿದ್ದೆ. ಆ ದಿನ 3,454 ಮೀಟರ್ ಎತ್ತರದಲ್ಲಿ ನಮಗೆ ಕಂಡದ್ದು ಗಾಜಿನಾಚೆಯ ಬಿಳಿ ಮಂಜು ಮಾತ್ರ. ಮರುದಿನ ಬೆಳಿಗ್ಗೆ ಬೇರೆ ಊರಿಗೆ ಹೊರಟಾಗ ಅದೇ ಶಿಖರಗಳ ಸಾಲು ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ, ರೈಲು ತಿರುಗಿ ಆ ಶಿಖರಗಳು ಮರೆಯಾಗುವವರೆಗೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮುಂದೆ ಹೇಳುವ ವಸತಿ, ಪಾಸು, ರೈಲುಗಳ ಲೆಕ್ಕಾಚಾರವೆಲ್ಲ ಇನ್ನೊಬ್ಬರಿಗೆ ಹಾಗಾಗಬಾರದು ಎಂಬ ಆಸೆಯಿಂದ ಬಂದದ್ದು.

ಮೊದಲು ತಿಂಗಳು, ಆಮೇಲೆ ಊರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರಿಗೆ ಅನುಕೂಲದ ಕಾಲ. ಮಕ್ಕಳ ಬೇಸಿಗೆ ರಜೆಗೆಂದು ಏಪ್ರಿಲ್‌ನಲ್ಲೋ ಮೇ ಮೊದಲ ವಾರದಲ್ಲೋ ಹೊರಡುವ ನಮ್ಮ ಕಡೆಯ ಕುಟುಂಬಗಳು ಒಂದು ವಿಷಯ ತಿಳಿದಿರಬೇಕು: ಚಳಿಗಾಲ ಮುಗಿದ ಮೇಲಿನ ಆ ವಾರಗಳಲ್ಲಿಯೂ ನವೆಂಬರ್‌ನಲ್ಲಿಯೂ ಅನೇಕ ಕೇಬಲ್ ಕಾರ್‌ಗಳನ್ನು ದುರಸ್ತಿ ಮತ್ತು ತಪಾಸಣೆಗಾಗಿ ನಿಲ್ಲಿಸುತ್ತಾರೆ. ಯಾವ ಬೆಟ್ಟಕ್ಕೆ ಹೋಗಬೇಕೆಂದಿದ್ದೀರೋ ಅದರ ಜಾಲತಾಣದಲ್ಲಿ ಸಂಚಾರದ ದಿನಾಂಕಗಳನ್ನು ನೋಡಿಕೊಂಡೇ ವಿಮಾನದ ಟಿಕೆಟ್ ಕೊಳ್ಳಿ.

ಈ ದೇಶದ ವಿಸ್ತೀರ್ಣ 41,285 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕದಲ್ಲವೇ ಎಂದುಕೊಂಡು ಏಳು ದಿನಕ್ಕೆ ಆರು ಊರುಗಳನ್ನು ಪೋಣಿಸುವವರು ಬಹಳ. ದಿನಕ್ಕೊಂದು ಹೋಟೆಲು ಬದಲಿಸುವವರಿಗೆ ಹವಾಮಾನಕ್ಕಾಗಿ ಕಾಯುವ ಸ್ವಾತಂತ್ರ್ಯವೇ ಇರುವುದಿಲ್ಲ. ಏಳು ರಾತ್ರಿಗಳಿದ್ದರೆ ಎರಡು ನೆಲೆಗಳು ಸಾಕು: ನಾಲ್ಕು ರಾತ್ರಿ ಇಂಟರ್‌ಲಾಕೆನ್ ಸುತ್ತಮುತ್ತ, ಮೂರು ರಾತ್ರಿ ಲೂಸರ್ನ್‌ನಲ್ಲಿ. ಆಗ ನಾಲ್ಕರಲ್ಲಿ ಯಾವ ದಿನ ಆಕಾಶ ತಿಳಿಯಾಗುತ್ತದೋ ಆ ದಿನ ಎತ್ತರಕ್ಕೆ ಹೋಗಬಹುದು, ಉಳಿದ ದಿನ ಕಣಿವೆಯಲ್ಲಿಯೂ ಸರೋವರದಲ್ಲಿಯೂ ಕಳೆಯಬಹುದು.

ಇಂಟರ್‌ಲಾಕೆನ್‌ನಲ್ಲಿ ವೆಸ್ಟ್ ಮತ್ತು ಓಸ್ಟ್ ಎಂದು ಎರಡು ನಿಲ್ದಾಣಗಳಿವೆ. ಬೆಟ್ಟದ ಕಡೆಗಿನ ರೈಲುಗಳು ಹೊರಡುವುದು ಓಸ್ಟ್‌ನಿಂದ, ಆದ್ದರಿಂದ ಕೋಣೆಯನ್ನು ಅದರ ಹತ್ತಿರ ನೋಡಿ. ಹಿರಿಯರು ಜೊತೆಗಿದ್ದರೆ ಲೌಟರ್‌ಬ್ರುನ್ನೆನ್ ಕಣಿವೆ ಇನ್ನೂ ಒಳ್ಳೆಯದು. ಎಲ್ಲಿಯೂ ನಡೆಯಲಾಗದ ದಿನವೂ ಕಿಟಕಿ ತೆರೆದರೆ ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಸ್ಟೌಬಾಖ್ ಜಲಪಾತ ಕಾಣುತ್ತದೆ. ಮೇಲಿನ ವೆಂಗೆನ್, ಮ್ಯೂರೆನ್ ಊರುಗಳಿಗೆ ಕಾರುಗಳ ಪ್ರವೇಶವಿಲ್ಲ. ಅಲ್ಲಿನ ನಿಶ್ಶಬ್ದವನ್ನು ಒಂದು ರಾತ್ರಿ ಅನುಭವಿಸಿದವರು ಕೆಳಗಿಳಿಯಲು ಒಪ್ಪುವುದಿಲ್ಲ. ಆದರೆ ದೊಡ್ಡ ಸೂಟ್‌ಕೇಸ್‌ಗಳೊಂದಿಗೆ ರೈಲು ಬದಲಿಸಿ ಹತ್ತಬೇಕಾಗುತ್ತದೆ ಎಂಬುದು ನೆನಪಿರಲಿ.

ವೀಸಾ

ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ, ಆದರೆ 2008ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಹಾಗಾಗಿ ನಮಗೆ ಬೇಕಾದದ್ದು ಷೆಂಗೆನ್ ವೀಸಾ. ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಪ್ರವಾಸದಲ್ಲಿ ಬೇರೆ ದೇಶಗಳೂ ಇದ್ದರೆ, ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಕನಿಷ್ಠ 15 ದಿನಗಳ ಮೊದಲಾದರೂ ಸಲ್ಲಿಸಿರಬೇಕು. ಬೇಸಿಗೆ ಪ್ರವಾಸಕ್ಕೆ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟವಾಗುತ್ತದೆ, ಆದ್ದರಿಂದ ಮೂರು ತಿಂಗಳ ಮೊದಲೇ ಶುರುಮಾಡಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಕೇಂದ್ರದ ಸೇವಾಶುಲ್ಕ ಬೇರೆ.

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ಮರಳುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ರಕ್ಷಿಸುವ ವೆಚ್ಚವೂ ಸೇರಿದೆಯೇ, ಅಪ್ಪ ಅಮ್ಮನಿಗೆ ಈಗಾಗಲೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದಾಗುವ ತೊಂದರೆಗೆ ರಕ್ಷಣೆ ಇದೆಯೇ ಎಂದು ಕೇಳಿ. ಕಡಿಮೆ ಬೆಲೆಯ ವಿಮೆಗಳಲ್ಲಿ ಈ ಎರಡು ಸಾಲುಗಳನ್ನೇ ಮೊದಲು ಓದಬೇಕು.

ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ವಿಸ್ತರಿಸಿದ್ದರೆ ವಿಮಾನದ ಟಿಕೆಟ್, ವಿಮೆ, ರೈಲು ಪಾಸು ಎಲ್ಲದರಲ್ಲಿಯೂ ಅಕ್ಷರಶಃ ಅದೇ ಹೆಸರು ಇರಲಿ. ಮನೆತನದ ಹೆಸರಿನ ಜಾಗ ಖಾಲಿ ಇರುವವರು ಟಿಕೆಟ್ ಕಾಯ್ದಿರಿಸುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ವೀಸಾ ಕೈಗೆ ಬರುವವರೆಗೆ ಹಣ ಮರಳಿ ಬಾರದ ಯಾವ ಟಿಕೆಟನ್ನೂ ಕೊಳ್ಳಬೇಡಿ.

ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋಗುವವರಿಗೆ ವಲಸೆ ತಪಾಸಣೆ ಅಲ್ಲಿಯೇ ಆಗುತ್ತದೆ, ಜ್ಯೂರಿಕ್‌ನಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆಯೂ ಬಂದಿದೆ. ಮುಂದಿನ ವಿಮಾನಕ್ಕೆ ಒಂದೂಕಾಲು ಗಂಟೆ ಇದ್ದರೆ ಸಾಕೆಂದು ಟಿಕೆಟ್ ಕೊಳ್ಳಬೇಡಿ, ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಪಾಸು ಕೊಳ್ಳುವ ಮುನ್ನ ಕಾಗದ, ಪೆನ್ನು

ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ಪ್ರವಾಸಿಗರಿಗೆಂದು ಮುಖ್ಯವಾಗಿ ಎರಡು ದಾರಿಗಳಿವೆ. ಸ್ವಿಸ್ ಟ್ರಾವೆಲ್ ಪಾಸ್ ಎಂಬುದು 3, 4, 6, 8 ಅಥವಾ 15 ದಿನಗಳಿಗೆ ಸಿಗುತ್ತದೆ. ಅದು ಇದ್ದರೆ ರೈಲು, ಬಸ್ಸು, ದೋಣಿ, ನಗರದ ಟ್ರಾಮ್ ಎಲ್ಲ ಉಚಿತ, ನೂರಾರು ವಸ್ತುಸಂಗ್ರಹಾಲಯಗಳಿಗೂ ಪ್ರವೇಶ ಉಂಟು. ಹಾಫ್ ಫೇರ್ ಕಾರ್ಡ್ ಎಂಬುದು ಒಂದು ತಿಂಗಳು ನಡೆಯುತ್ತದೆ. ಟಿಕೆಟನ್ನು ಪ್ರತಿ ಸಲವೂ ಕೊಳ್ಳಬೇಕು, ಆದರೆ ಅರ್ಧ ಬೆಲೆಗೆ.

ಹೆಚ್ಚಿನವರು ಯೋಚಿಸದೆ ಟ್ರಾವೆಲ್ ಪಾಸ್ ಕೊಳ್ಳುತ್ತಾರೆ. ಅದು ಎಲ್ಲ ಬೆಟ್ಟಗಳಿಗೂ ಪೂರ್ತಿ ಅನ್ವಯಿಸುವುದಿಲ್ಲ. ಯುಂಗ್‌ಫ್ರೌಯೋಖ್‌ಗೆ ಹೊರಟರೆ ದಾರಿಯಲ್ಲಿ ಸಿಗುವ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ಊರಿನವರೆಗೆ ಮಾತ್ರ ಪಾಸು ನಡೆಯುತ್ತದೆ, ಮೇಲಿನ ದುಬಾರಿ ಭಾಗಕ್ಕೆ ಶೇಕಡಾ 25 ರಿಯಾಯಿತಿಯಷ್ಟೇ. ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಅದೇ ದಾರಿಯಲ್ಲಿ ಶೇಕಡಾ 50 ರಿಯಾಯಿತಿ. ಅಂದರೆ ಊರುಗಳ ನಡುವೆ ಓಡಾಟ ಹೆಚ್ಚಿದ್ದರೆ ಪಾಸು ಲಾಭ. ಎರಡೇ ನೆಲೆಯಲ್ಲಿದ್ದು ಬೆಟ್ಟಗಳನ್ನೇ ಹೆಚ್ಚು ಹತ್ತುವವರಿಗೆ ಅನೇಕ ಸಲ ಹಾಫ್ ಫೇರ್ ಕಾರ್ಡ್ ಅಗ್ಗವಾಗುತ್ತದೆ.

ಲೆಕ್ಕ ಹೀಗೆ ಹಾಕಿ. ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್ ಇಳಿಸಿಕೊಳ್ಳಿ. ಪ್ರಯಾಣಿಕರ ವಿವರದಲ್ಲಿ ರಿಯಾಯಿತಿ ಕಾರ್ಡ್ ಇಲ್ಲ ಎಂದು ಗುರುತಿಸಿ, ನೀವು ಮಾಡಲಿರುವ ಪ್ರತಿಯೊಂದು ಪ್ರಯಾಣದ ಪೂರ್ಣ ಬೆಲೆಯನ್ನು ಕಾಗದದ ಮೇಲೆ ಬರೆದು ಕೂಡಿಸಿ. ಅದರ ಅರ್ಧಕ್ಕೆ ಕಾರ್ಡಿನ ಬೆಲೆ ಸೇರಿಸಿದರೆ ಒಂದು ಮೊತ್ತ. ಪಾಸಿನ ಬೆಲೆಗೆ ಬೆಟ್ಟಗಳ ಬಾಕಿ ಹಣ ಸೇರಿಸಿದರೆ ಇನ್ನೊಂದು ಮೊತ್ತ. ಅರ್ಧ ಗಂಟೆಯ ಈ ಕೆಲಸ ನಾಲ್ಕು ಜನರ ಕುಟುಂಬಕ್ಕೆ ಗಣನೀಯ ಹಣ ಉಳಿಸುತ್ತದೆ. ಟ್ರಾವೆಲ್ ಪಾಸನ್ನೇ ಕೊಳ್ಳುವುದಾದರೆ ಫ್ಲೆಕ್ಸ್ ಬಗೆಯದನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಅದರಲ್ಲಿ ದಿನಗಳು ಒಂದರ ಹಿಂದೆ ಒಂದು ಬರಬೇಕಾಗಿಲ್ಲ, ಒಂದು ತಿಂಗಳೊಳಗೆ ನಿಮಗೆ ಬೇಕಾದ ದಿನಗಳನ್ನು ಆರಿಸಿಕೊಳ್ಳಬಹುದು. ಮಳೆಯ ದಿನ ಕೋಣೆಯಲ್ಲಿದ್ದರೆ ಪಾಸಿನ ಒಂದು ದಿನ ನಷ್ಟವಾಗುವುದಿಲ್ಲ.

ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 6ರಿಂದ 15 ವರ್ಷದವರಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ತಂದೆ ಅಥವಾ ತಾಯಿಯ ಪಾಸಿನ ಜೊತೆ ಅದು ಉಚಿತವಾಗಿ ಸಿಗುತ್ತದೆ, ಮಕ್ಕಳು ಅವರೊಂದಿಗೆ ಹಣ ಕೊಡದೆ ಪ್ರಯಾಣಿಸಬಹುದು.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ನಮ್ಮ ಮೂರು ಗುಂಡುಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ತೆಳುವಾದ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಹಿಡಿಯುತ್ತದೆ, ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು. ಬೇಸಿಗೆಯಾದರೂ ಎತ್ತರದಲ್ಲಿ ಹಿಮ ಇರುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು, ಮೇಲೊಂದು ಮಳೆ ಅಂಗಿ ಹೆಚ್ಚು ಉಪಯೋಗಕ್ಕೆ ಬರುತ್ತವೆ. ತಂಪು ಕನ್ನಡಕ ಮರೆಯಬೇಡಿ. ಬಿಸಿಲಿದ್ದಾಗ ಹಿಮದ ಹೊಳಪನ್ನು ಬರಿಗಣ್ಣು ತಡೆಯುವುದಿಲ್ಲ. ಶೌಚಾಲಯಗಳಲ್ಲಿ ಕಾಗದ ಮಾತ್ರ ಇರುತ್ತದೆ, ನೀರಿನ ಅಭ್ಯಾಸದವರು ಒಂದು ಸಣ್ಣ ಚೊಂಬನ್ನು ಜೊತೆಗಿಟ್ಟುಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ತಿಂಡಿಯ ವಿಷಯದಲ್ಲಿ ಕಾನೂನು ಇದೆ. ಭಾರತದಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಹಾಗಾಗಿ ಧಾರವಾಡ ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಬಾಳೆಹಣ್ಣು, ತೆಂಗಿನಕಾಯಿಯಂಥ ಕೆಲವನ್ನು ಬಿಟ್ಟರೆ ಹಸಿ ತರಕಾರಿ, ಹಣ್ಣು, ಎಲೆಗಳನ್ನೂ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ, ಕರಿಬೇವಿನ ಸೊಪ್ಪಿಗೂ ಇದು ಅನ್ವಯಿಸುತ್ತದೆ. ಚಟ್ನಿಪುಡಿ, ಅವಲಕ್ಕಿ, ಹುರಿಗಡಲೆ, ಪುಳಿಯೋಗರೆ ಗೊಜ್ಜು ನಿಶ್ಚಿಂತೆಯಿಂದ ತರಬಹುದು. ಗೊಜ್ಜನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಿ.

ಹೋಟೆಲಿನ ಕೋಣೆಯಲ್ಲಿ ವಿದ್ಯುತ್ ಒಲೆ ಹಚ್ಚಿ ಅನ್ನ ಮಾಡುವುದು ಮಾತ್ರ ಬೇಡವೇ ಬೇಡ. ಹೊಗೆಯ ಎಚ್ಚರಿಕೆ ಗಂಟೆ ಹೊಡೆದರೆ ಇಡೀ ಕಟ್ಟಡದ ಜನ ಬೀದಿಗೆ ಬರಬೇಕಾಗುತ್ತದೆ. ನಮ್ಮ ನಂತರ ಬರುವ ಭಾರತೀಯರನ್ನೂ ಅನುಮಾನದಿಂದ ನೋಡುವಂತಾಗುತ್ತದೆ. ಅಡುಗೆ ಬೇಕೆನ್ನುವವರು ಅಡುಗೆಮನೆಯಿರುವ ಅಪಾರ್ಟ್‌ಮೆಂಟನ್ನೇ ಬಾಡಿಗೆಗೆ ಹಿಡಿಯಿರಿ.

ರೈಲಿನ ರೀತಿ

ಇಲ್ಲಿನ ನಿಲ್ದಾಣಗಳಲ್ಲಿ ಟಿಕೆಟ್ ತೋರಿಸಿ ಒಳಹೋಗುವ ಗೇಟುಗಳಿಲ್ಲ. ಯಾರೂ ಕೇಳುವುದಿಲ್ಲವೆಂದು ಅರ್ಥವಲ್ಲ. ಪರೀಕ್ಷಕರು ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ ಭಾರಿ ದಂಡ ಬೀಳುತ್ತದೆ. ಪಾಸಿನೊಂದಿಗೆ ಪಾಸ್‌ಪೋರ್ಟ್ ಕೂಡ ತೋರಿಸಬೇಕಾಗಬಹುದು. ಬೋಗಿಯ ಮೇಲೆ ದೊಡ್ಡದಾಗಿ 1 ಅಥವಾ 2 ಎಂದು ದರ್ಜೆ ಬರೆದಿರುತ್ತದೆ, ನೋಡಿಯೇ ಹತ್ತಿ.

1982ರಿಂದ ಇಡೀ ದೇಶದ ರೈಲು ವೇಳಾಪಟ್ಟಿ ಗಂಟೆಗೊಮ್ಮೆ ಅದೇ ನಿಮಿಷಕ್ಕೆ ಮರುಕಳಿಸುವಂತೆ ಹೊಂದಿಸಲಾಗಿದೆ. ರೈಲು ಇಳಿದರೆ ಹಳದಿ ಬಣ್ಣದ ಪೋಸ್ಟ್ ಬಸ್ಸು, ಬಸ್ಸು ಇಳಿದರೆ ದೋಣಿ ಕಾದಿರುತ್ತದೆ. ಬದಲಿಸಲು ಐದೇ ನಿಮಿಷ ಎಂದು ಆ್ಯಪ್ ತೋರಿಸಿದರೆ ಗಾಬರಿಯಾಗಬೇಡಿ, ಅದು ಸಾಧ್ಯವಿರುವುದರಿಂದಲೇ ತೋರಿಸುತ್ತದೆ. ತಪ್ಪಿದರೂ ಮುಂದಿನ ರೈಲು ಹೆಚ್ಚಾಗಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ಬರುತ್ತದೆ.

ಇಂಟರ್‌ಲಾಕೆನ್ ಓಸ್ಟ್‌ನಿಂದ ಬೆಟ್ಟದತ್ತ ಹೊರಡುವ ರೈಲಿನಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಆ ರೈಲು ತ್ಸ್ವೈಲ್ಯೂಚಿನೆನ್ ಎಂಬ ನಿಲ್ದಾಣದಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ಲೌಟರ್‌ಬ್ರುನ್ನೆನ್ ಕಣಿವೆಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಎ, ಬಿ, ಸಿ ಎಂಬ ವಿಭಾಗಗಳ ಮುಂದೆ ಯಾವ ಊರು ಎಂದು ತೋರಿಸುತ್ತಾರೆ, ಬೋಗಿಯ ಮೇಲೂ ಬರೆದಿರುತ್ತದೆ. ಕುಟುಂಬದ ಅರ್ಧ ಜನ ಒಂದು ಬೋಗಿಗೆ, ಉಳಿದವರು ಜಾಗ ಸಿಕ್ಕಿದಲ್ಲಿ ಹತ್ತಿದರೆ ಎರಡು ಕಣಿವೆಗಳಲ್ಲಿ ಇಳಿಯುತ್ತಾರೆ.

ಲೂಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ಸುಮಾರು ಎರಡು ಗಂಟೆಯ ದಾರಿ. ಹೊರಡುವಾಗ ಚಲಿಸುವ ದಿಕ್ಕಿಗೆ ಬಲಗಡೆ ಕುಳಿತುಕೊಳ್ಳಿ. ಮೊದಲು ಸಾರ್ನೆನ್, ಲುಂಗರ್ನ್ ಸರೋವರಗಳು ಅದೇ ಬದಿಯಲ್ಲಿ ಬರುತ್ತವೆ. ಮೈರಿಂಗೆನ್‌ನಲ್ಲಿ ರೈಲು ದಿಕ್ಕು ಬದಲಿಸಿ ಹಿಂದುಮುಂದಾಗಿ ಹೊರಡುತ್ತದೆ, ಹಾಗಾಗಿ ಅದೇ ಆಸನದಿಂದ ಬ್ರಿಯೆಂಜ್ ಸರೋವರವೂ ಕಾಣುತ್ತದೆ. ಆ ನೀರಿನ ಹಸಿರುನೀಲಿ ಬಣ್ಣ ಚಿತ್ರಗಳಲ್ಲಿ ಕಂಡಾಗ ನಾನು ನಂಬಿರಲಿಲ್ಲ, ಹತ್ತಿರದಿಂದ ನೋಡಿದ ಮೇಲೆ ಚಿತ್ರಗಳೇ ಸಪ್ಪೆಯಾಗಿ ಕಂಡವು.

ಬೆಟ್ಟದ ದಿನ

ಬೆಳಿಗ್ಗೆ ಎದ್ದ ಕೂಡಲೇ ಆ ಬೆಟ್ಟದ ತುದಿಯ ನೇರ ಕ್ಯಾಮೆರಾ ನೋಡಿ. ಎಲ್ಲ ಪ್ರಮುಖ ಶಿಖರಗಳ ಜಾಲತಾಣಗಳಲ್ಲಿಯೂ ಅದು ಇರುತ್ತದೆ. ಕೆಳಗೆ ಊರಿನಲ್ಲಿ ಮೋಡ ಕವಿದಿದ್ದರೂ ಮೇಲೆ ಬಿಸಿಲಿರಬಹುದು, ಇದರ ತಿರುವುಮುರುವೂ ಆಗಬಹುದು. ಕಿಟಕಿಯಿಂದ ನೋಡಿ ತೀರ್ಮಾನಿಸಬೇಡಿ. ಚೆನ್ನಾಗಿದ್ದರೆ ಆಗಲೇ ಟಿಕೆಟ್ ಕೊಂಡು ಬೇಗ ಹೊರಡಿ. ಜನದಟ್ಟಣೆಯ ತಿಂಗಳುಗಳಲ್ಲಿ ಯುಂಗ್‌ಫ್ರೌಯೋಖ್‌ಗೆ ಆಸನ ಕಾಯ್ದಿರಿಸಬೇಕಾಗುತ್ತದೆ, ಅದನ್ನು ಹಿಂದಿನ ಸಂಜೆ ಹವಾಮಾನ ನೋಡಿ ಮಾಡಿದರೆ ಅಪಾಯ ಕಡಿಮೆ. ಗ್ರಿಂಡೆಲ್‌ವಾಲ್ಡ್ ಕಡೆಯಿಂದ 2020ರಲ್ಲಿ ಆರಂಭವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್‌ನಲ್ಲಿ ಹತ್ತಿ, ಇಳಿಯುವಾಗ ಕ್ಲೈನೆ ಶೈಡೆಕ್, ವೆಂಗೆನ್ ಮೂಲಕ ರೈಲಿನಲ್ಲಿ ಬಂದರೆ ಎರಡೂ ಕಣಿವೆಗಳನ್ನು ನೋಡಿದಂತಾಗುತ್ತದೆ.

ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು. ರೈಲಿಳಿದ ಕೂಡಲೇ ಓಡಬೇಡಿ, ಮಕ್ಕಳನ್ನೂ ಓಡಲು ಬಿಡಬೇಡಿ. ಹತ್ತು ನಿಮಿಷ ಕುಳಿತು ನೀರು ಕುಡಿಯಿರಿ. ತಲೆನೋವು, ವಾಕರಿಕೆ ಶುರುವಾದರೆ ಇಳಿಯುವುದೇ ಔಷಧ. ಹೃದಯ, ಶ್ವಾಸಕೋಶದ ತೊಂದರೆಯಿರುವವರು ಊರಿನಲ್ಲಿಯೇ ವೈದ್ಯರನ್ನು ಕೇಳಿ ಬರಬೇಕು.

ಹಿರಿಯರಿಗೆ, ಎತ್ತರಕ್ಕೆ ಹೆದರುವವರಿಗೆ, ಹಣ ಉಳಿಸಬೇಕೆನ್ನುವವರಿಗೆ ನಾನು ತುಂಬು ಮನಸ್ಸಿನಿಂದ ಹೇಳುವುದು ರಿಗಿ ಬೆಟ್ಟವನ್ನು. ಎತ್ತರ 1,798 ಮೀಟರ್ ಮಾತ್ರ. ಲೂಸರ್ನ್‌ನಲ್ಲಿ ದೋಣಿ ಹತ್ತಿ ಫಿಟ್ಸ್‌ನೌಗೆ ಹೋಗಿ, ಅಲ್ಲಿಂದ ಹಲ್ಲುಗಾಲಿಯ ರೈಲು. 1871ರಲ್ಲಿ ಶುರುವಾದ ಇದು ಯುರೋಪಿನ ಮೊತ್ತಮೊದಲ ಹಲ್ಲುಗಾಲಿಯ ಬೆಟ್ಟದ ರೈಲು. ದೋಣಿ, ರೈಲು ಎರಡೂ ಟ್ರಾವೆಲ್ ಪಾಸಿನಲ್ಲಿ ಪೂರ್ತಿ ಉಚಿತ. ಅಪ್ಪನಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ನೆನಪುಳಿದದ್ದು ಈ ದಿನವೇ.

ನಡೆಯುವ ಆಸೆಯಿದ್ದರೆ ದಾರಿಯ ಫಲಕಗಳ ಬಣ್ಣ ಕಲಿತುಕೊಳ್ಳಿ. ಬರೀ ಹಳದಿ ಎಂದರೆ ಸಾಮಾನ್ಯ ಕಾಲುದಾರಿ. ಬಿಳಿ-ಕೆಂಪು-ಬಿಳಿ ಎಂದರೆ ಕಡಿದಾದ ಬೆಟ್ಟದ ದಾರಿ, ಗಟ್ಟಿ ಬೂಟು ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಹಿಂದಿರುಗಿ, ಅದು ಪರ್ವತಾರೋಹಣ ಬಲ್ಲವರಿಗೆ. ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ ಸೇರಿರುವುದಿಲ್ಲ.

ಊಟ, ನೀರು, ಹಣ

ಸಾಧಾರಣ ಹೋಟೆಲಿನಲ್ಲಿ ಒಬ್ಬರ ಊಟಕ್ಕೆ 20ರಿಂದ 30 ಫ್ರಾಂಕ್ ಆಗುತ್ತದೆ. ಮಧ್ಯಾಹ್ನದ ಊಟಕ್ಕೆ ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಬ್ರೆಡ್ಡು, ಹಣ್ಣು, ಮೊಸರು ಕೊಂಡು ಸರೋವರದ ದಂಡೆಯಲ್ಲಿ ಕುಳಿತು ತಿನ್ನುವುದು ಸ್ಥಳೀಯರೂ ಮಾಡುವ ಕೆಲಸ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣ ಮತ್ತು ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ತೆರೆದಿರುತ್ತವೆ. ಶನಿವಾರ ಸಂಜೆಯೊಳಗೆ ಬೇಕಾದದ್ದನ್ನು ತಂದಿಟ್ಟುಕೊಳ್ಳಿ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಆಲೂಗಡ್ಡೆಯ ರೋಷ್ಟಿಯಲ್ಲಿ ಹಂದಿಮಾಂಸದ ತುಣುಕುಗಳನ್ನು ಹಾಕಿರಬಹುದು, ‘ಓನೆ ಫ್ಲೈಶ್, ಓನೆ ಶ್ಪೆಕ್’ ಎಂದು ಹೇಳಿ, ಮಾಂಸ ಬೇಡ, ಹಂದಿಮಾಂಸ ಬೇಡ ಎಂದು ಅರ್ಥ. ಕರಗಿಸಿದ ಚೀಸಿನ ಖಾದ್ಯವಾದ ಫೊಂಡ್ಯೂಗೆ ಬಿಳಿ ವೈನ್ ಹಾಕುತ್ತಾರೆ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸಿಗೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ತಿಳಿದಿರಲೇಬೇಕು. ಜ್ಯೂರಿಕ್‌ನಲ್ಲಿ 1898ರಿಂದ ನಡೆಯುತ್ತಿರುವ ಹಿಲ್ಟ್ಲ್ ಎಂಬ ಊಟದ ಹೋಟೆಲು ಪೂರ್ತಿ ಸಸ್ಯಾಹಾರಿ, ಅಲ್ಲಿ ನಿರಾತಂಕವಾಗಿ ಉಣ್ಣಬಹುದು.

ನಲ್ಲಿಯ ನೀರು, ಬೀದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ, ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕವಿದ್ದರೆ ಮಾತ್ರ ಬೇಡ. ಬಾಟಲಿ ನೀರಿಗೆ ಹಣ ಸುರಿಯಬೇಕಾಗಿಲ್ಲ. ಕಾರ್ಡು ಬಹುತೇಕ ಎಲ್ಲೆಡೆ ನಡೆಯುತ್ತದೆ. ರೂಪಾಯಿಯಲ್ಲಿ ಕೊಡುತ್ತೀರಾ, ಫ್ರಾಂಕಿನಲ್ಲಿ ಕೊಡುತ್ತೀರಾ ಎಂದು ಯಂತ್ರ ಕೇಳಿದರೆ ಯಾವಾಗಲೂ ಫ್ರಾಂಕ್ ಒತ್ತಿ, ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ನಷ್ಟ. ನಿಲ್ದಾಣದ ಶೌಚಾಲಯಕ್ಕೆ, ಅಂಗಡಿಯ ಗಾಡಿಗೆ ಒಂದೆರಡು ಫ್ರಾಂಕ್ ನಾಣ್ಯ ಇರಲಿ. ಸೇವಾಶುಲ್ಕ ಬಿಲ್ಲಿನಲ್ಲಿಯೇ ಸೇರಿರುತ್ತದೆ, ಟಿಪ್ಸ್ ಕಡ್ಡಾಯವಲ್ಲ. ಯುರೋಪ್ ಸಿಮ್ ಎಂದು ಮಾರುವ ಕೆಲವು ಮೊಬೈಲ್ ಯೋಜನೆಗಳು ಒಕ್ಕೂಟದ ಹೊರಗಿರುವ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ, ದೇಶಗಳ ಪಟ್ಟಿ ಓದಿ ಕೊಳ್ಳಿ. ತುರ್ತಿಗೆ 112, ಆಂಬುಲೆನ್ಸ್ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414.

ಮಳೆ ಹಿಡಿದ ದಿನ

ಮಳೆ ಬಂದರೆ ಬೇಸರಿಸಬೇಡಿ. ಲೌಟರ್‌ಬ್ರುನ್ನೆನ್ ಬಳಿಯ ಟ್ರ್ಯುಮ್ಮೆಲ್‌ಬಾಖ್ ಜಲಪಾತ ಬೆಟ್ಟದ ಹೊಟ್ಟೆಯೊಳಗೆ ಭೋರ್ಗರೆಯುತ್ತದೆ, ಅದಕ್ಕೆ ಬಿಸಿಲು ಬೇಕಿಲ್ಲ. ಕನ್ನಡಿಗರಾದರೆ ಇನ್ನೊಂದು ಊರಿದೆ: ಬಾಸೆಲ್, ಇಂಟರ್‌ಲಾಕೆನ್‌ನಿಂದ ನೇರ ರೈಲಿನಲ್ಲಿ ಸುಮಾರು ಎರಡು ಗಂಟೆ. 1815ರಲ್ಲಿ ಅಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮಂದಿ 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಅವರ ಮುದ್ರಣಾಲಯದಿಂದ ಬಂತು. ಮಿಷನ್ನಿನ ಹಳೆಯ ಕಟ್ಟಡ ಇಂದಿಗೂ ಮಿಸಿಯೋನ್ಸ್‌ಸ್ಟ್ರಾಸೆ ಎಂಬ ಬೀದಿಯಲ್ಲಿದೆ, ನಮ್ಮ ಕರಾವಳಿಯ ಹಳೆಯ ಕಾಗದಪತ್ರ, ಛಾಯಾಚಿತ್ರಗಳಿರುವ ದಾಖಲೆ ಸಂಗ್ರಹವೂ ಅಲ್ಲಿದೆ. ಸಂಗ್ರಹವನ್ನು ನೋಡಬೇಕೆಂದರೆ ಹೊರಡುವ ಮೊದಲೇ ಇಮೇಲ್ ಬರೆದು ಸಮಯ ಕೇಳಿಕೊಳ್ಳಿ. ಬೀದಿಯನ್ನು ನೋಡಲು ಯಾರ ಅನುಮತಿಯೂ ಬೇಕಿಲ್ಲ, ಕೊಡೆಯೊಂದಿದ್ದರೆ ಸಾಕು.